ಹುಳಮನೆ ಪಕ್ಕದ ಬೀಗರೂಟಕ್ಕೆ ಹದಿನಾಲ್ಕು ಪುಟದ ಪ್ರಪೋಸಲ್

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳಿದರೆ ಇದೂ ಮಿಮಿಕ್ರಿ ಅಂದುಕೊಳ್ಳುತ್ತಾರೆ. ಒಂದು ಮನೆಯವರಿಗೆ ಸಮಾರಂಭಕ್ಕೆ ಏನೇನು ಬೇಕು ಎಂದು ಕೇಳಿಕೊಂಡು ಬರಲು ನನ್ನನ್ನು ಕಳಿಸಿದ್ದರು. ನಾನು ಹೋಗಿ ಒಂದೂವರೆ ಗಂಟೆ ಅವರನ್ನು ನಗಿಸಿ, ಎರಡು ಲೋಟ ಕಾಫಿ ಕುಡಿದು, ಒಂದು ಪ್ರಶ್ನೆಯನ್ನೂ ಕೇಳದೆ ವಾಪಸು ಬಂದೆ. ಬಂದವನು ಸುಮ್ಮನಿರಬೇಕಿತ್ತು. ಹದಿನಾಲ್ಕು ಪುಟದ ಪ್ರಪೋಸಲ್ ಬರೆದೆ.

ಎರಡು ಸಾವಿರದ ಆರರ ಸುಮಾರಿನ ಮಾತು. ಚಿಕ್ಕಬಳ್ಳಾಪುರದಲ್ಲಿ ಒಬ್ಬರದು ಶಾಮಿಯಾನ ಅಂಗಡಿ. ಅವರನ್ನು ನಾನು ಅಣ್ಣ ಅನ್ನುತ್ತಿದ್ದೆ. ಅವರು ನನ್ನನ್ನು ‘ಊಟದ ಹೊತ್ತಿಗೆ ಬರೋನು’ ಅನ್ನುತ್ತಿದ್ದರು. ಗೌರಿಬಿದನೂರು, ಚಿಂತಾಮಣಿ ಕಡೆಯ ಆರ್ಕೆಸ್ಟ್ರಾಗಳಲ್ಲಿ ಹಾಡುವವರು ನೀರು ಕುಡಿಯಲು ಹೋದಾಗ ಮಿಮಿಕ್ರಿ ಮಾಡುವುದು ನನ್ನ ಕಸುಬು. ಅವರು ಬೇಗ ನೀರು ಕುಡಿದು ಬಂದರೆ ನನ್ನ ಕಾರ್ಯಕ್ರಮ ಅಲ್ಲಿಗೆ ಮುಗಿಯುತ್ತಿತ್ತು.

ಆ ವರ್ಷ ಅಣ್ಣ ಅಂಗಡಿಯ ಬೋರ್ಡಿನಲ್ಲಿ ‘ಶಾಮಿಯಾನ’ ಅಳಿಸಿ ‘ಈವೆಂಟ್ಸ್’ ಎಂದು ಬರೆಸಿದ್ದರು. ಒಳಗಿದ್ದ ಕಂಬ, ಕುರ್ಚಿ, ಕೊಳಗ ಎಲ್ಲ ಹಳೆಯವೇ. ಬೋರ್ಡು ಹೊಸದಾಗಿ ಮೂರು ತಿಂಗಳಾದರೂ ಈವೆಂಟು ಅನ್ನಿಸಿಕೊಳ್ಳುವಂಥ ಒಂದು ಕೆಲಸವೂ ಬಂದಿರಲಿಲ್ಲ. ಆಗ ಶಿಡ್ಲಘಟ್ಟದ ಹತ್ತಿರದ ಹಳ್ಳಿಯೊಂದರಿಂದ ಕರೆ ಬಂತು. ರೇಷ್ಮೆ ಬೆಳೆಯುವ ದೊಡ್ಡ ಮನೆತನ. ಮಗನ ಮದುವೆ ಛತ್ರದಲ್ಲಿ, ಬೀಗರೂಟ ಮನೆ ಮುಂದೆ. ಬೀಗರೂಟದ ಸಕಲ ವ್ಯವಸ್ಥೆಯನ್ನೂ ಒಬ್ಬರೇ ನೋಡಿಕೊಳ್ಳಬೇಕು, ಏನೇನು ಮಾಡುತ್ತೀರಿ ಎಂದು ಬರೆದು ಕೊಡಿ ಅಂದಿದ್ದರು. ಚಿಂತಾಮಣಿಯ ಇನ್ನೊಬ್ಬ ಶಾಮಿಯಾನದವರನ್ನೂ ಕೇಳಿದ್ದರು.

“ಇದು ಕೈತಪ್ಪಿದ್ರೆ ಬೋರ್ಡಲ್ಲಿ ಮತ್ತೆ ಶಾಮಿಯಾನ ಅಂತ ಬರೆಸ್ಬೇಕು ಕಣೋ,” ಅಂದರು ಅಣ್ಣ. “ಅದೇ ಪೇಂಟರ್ ಬರ್ತಾನೆ. ಆ ಮುಖ ನೋಡಕ್ಕಾಗಲ್ಲ.”

ನಾನು ಹೋದಾಗ ಆ ಮನೆಯ ಅಜ್ಜಿ ಹುಳಮನೆಯ ಬಾಗಿಲಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದರು. ಅಂಗಳದ ಒಂದು ಪಕ್ಕಕ್ಕೆ ವಾಸದ ಮನೆ, ಇನ್ನೊಂದು ಪಕ್ಕಕ್ಕೆ ರೇಷ್ಮೆ ಹುಳ ಸಾಕುವ ಮನೆ. ನಾನು ಸೆಂಟು ಹೊಡೆದುಕೊಂಡು ಹೋಗಿದ್ದೆ. ಅಜ್ಜಿ ಹತ್ತು ಹೆಜ್ಜೆ ಆಚೆಯಿಂದಲೇ ಮೂಗರಳಿಸಿದರು.

“ಯಾರಪ್ಪ ನೀನು? ಅಲ್ಲೇ ನಿಂತ್ಕೊ. ಸೆಂಟು ಬಳ್ಕೊಂಡು ಹುಳಮನೆ ಹತ್ರ ಬರ್ತಾರೇನಪ್ಪ? ಮೇವು ಬಿಟ್ಬಿಡ್ತವೆ. ಬೀಡಿ ಹೊಗೆ, ಊದುಬತ್ತಿ ಹೊಗೆ, ಒಲೆ ಹೊಗೆ ಯಾವ್ದೂ ಆಗಲ್ಲ. ಕಾಲ್ ತೊಳ್ಕೊ ಮೊದ್ಲು. ಸೊಪ್ಪು ತರೋ ದಾರೀಲಿ ನಿಂತಿದ್ದೀಯ, ಆ ಕಡೆ ಸರಿ.”

ಎಂಥ ದನಿ. ಪ್ರತಿ ಮಾತಿನ ಕೊನೆಯನ್ನೂ ತೆಲುಗಿನ ರಾಗಕ್ಕೆ ಎಳೆದು, ಆಮೇಲೆ ಕುಡುಗೋಲಲ್ಲಿ ಕುಯ್ದಂತೆ ನಿಲ್ಲಿಸುತ್ತಿದ್ದರು. ನಾನು ಅಲ್ಲೇ ನಿಂತು ಅವರ ದನಿಯಲ್ಲೇ ಅಷ್ಟನ್ನೂ ತಿರುಗಿ ಒಪ್ಪಿಸಿದೆ. ಮನೆಯ ಹೆಂಗಸರೆಲ್ಲ ಆಚೆ ಬಂದರು. ಸೊಸೆಯ ಥರ ಮಾತಾಡು ಅಂದರು, ಮಾತಾಡಿದೆ. ಯಜಮಾನರ ಕೆಮ್ಮು ಕೆಮ್ಮು ಅಂದರು, ಕೆಮ್ಮಿದೆ. ಇಷ್ಟು ನಕ್ಕವರು ಕೆಲಸ ಕೊಡದೇ ಇರುತ್ತಾರೆಯೇ ಎಂದುಕೊಂಡು ಬಸ್ಸು ಹತ್ತಿದೆ. ಆ ವಾರವಿಡೀ ಚಿಕ್ಕಬಳ್ಳಾಪುರದ ಟೀ ಅಂಗಡಿಗಳಲ್ಲಿ ‘ಹುಳದ ಅಜ್ಜಿ’ ನನ್ನ ಹೊಸ ಐಟಂ. ಅಣ್ಣ ಮೂರು ಸಲ ಮಾಡಿಸಿ ನಕ್ಕರು.

ಪ್ರಪೋಸಲ್ ಹೇಗಿರುತ್ತದೆ ಎಂದು ನನಗೂ ಗೊತ್ತಿರಲಿಲ್ಲ. ಸೈಬರ್ ಕೆಫೆಯಲ್ಲಿ ಬೆಂಗಳೂರಿನ ಯಾವುದೋ ಕಂಪನಿಯ ವಾರ್ಷಿಕೋತ್ಸವಕ್ಕೆ ಬರೆದದ್ದು ಸಿಕ್ಕಿತು. ಅದನ್ನೇ ಕನ್ನಡಕ್ಕೆ ಇಳಿಸಿದೆ. ಮೊದಲ ಮೂರು ಪುಟ ನಮ್ಮ ಕನಸು, ನಮ್ಮ ಗುರಿ, ನಮ್ಮ ಅನುಭವ. ನಾಲ್ಕನೆಯ ಪುಟದಲ್ಲಿ ವಧೂವರರು ಬಿಳಿಯ ಹೊಗೆಯೊಳಗಿಂದ ನಡೆದು ಬರುವುದು. ಐದರಲ್ಲಿ, ಬಾಗಿಲಲ್ಲಿ ಬಂದವರಿಗೆಲ್ಲ ಸೆಂಟು ಚಿಮುಕಿಸುವ ಫ್ಯಾನು. ಏಳರಲ್ಲಿ ಪಟಾಕಿ. ಹದಿಮೂರರಲ್ಲಿ, ಖ್ಯಾತ ಕಲಾವಿದರಿಂದ ಮುಕ್ಕಾಲು ಗಂಟೆ ಮಿಮಿಕ್ರಿ. ಖ್ಯಾತ ಕಲಾವಿದರು ಅಂದರೆ ನಾನು. ಹದಿನಾಲ್ಕನೆಯದು ಧನ್ಯವಾದ. ಸ್ಪೈರಲ್ ಬೈಂಡಿಂಗ್ ಮಾಡಿಸಿ ತಂದಾಗ ಅಣ್ಣ ಓದಲಿಲ್ಲ, ಕೈಯಲ್ಲಿ ತೂಗಿ ನೋಡಿದರು. ತೂಕ ಅವರಿಗೆ ಹಿಡಿಸಿತು.

ಇಬ್ಬರೂ ಮೊಪೆಡ್ಡಿನಲ್ಲಿ ಹೋದೆವು. ಯಜಮಾನರು ಪ್ರಪೋಸಲ್ ತೆಗೆದುಕೊಂಡು, ರೇಷ್ಮೆ ಗೂಡು ಕೊಳ್ಳುವವರು ಒಂದು ಗೂಡನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರಲ್ಲ, ಹಾಗೇ ಅಲ್ಲಾಡಿಸಿದರು.

“ಮೇಲೆ ಚೆನ್ನಾಗೈತೆ. ಒಳಗೇನೈತೋ ಓದಪ್ಪ.”

ವಾರ್ತೆ ಓದುವವರ ದನಿಯಲ್ಲಿ ಶುರು ಮಾಡಿದೆ. ಮೂರು ಪುಟ ಸರಾಗವಾಗಿ ಓದಿದೆ. ನಾಲ್ಕಕ್ಕೆ ಬಂದಾಗ ಸೊಪ್ಪು ಹೆಚ್ಚುವ ಸದ್ದು ನಿಂತಿತು.

“ಹೊಗೆ ಅಂದ್ಯಾ?” ಅಂದರು ಅಜ್ಜಿ.

“ಬಿಳೀ ಹೊಗೆ ಅಜ್ಜಿ. ಮೋಡ ಇದ್ದಂಗಿರ್ತದೆ.”

“ಎಲ್ಲಿ ಬಿಡ್ತೀಯ ಮೋಡನ?”

ಕೈ ತೋರಿಸಿದೆ. ಕೈ ತೋರಿಸಿದ ಕಡೆ ಹುಳಮನೆಯ ಕಿಟಕಿಯಿತ್ತು. ಅದನ್ನು ನಾನೂ ನೋಡಿದೆ, ಅಣ್ಣನೂ ನೋಡಿದರು. ಕೈ ಇಳಿಸಿದೆ.

ಅಜ್ಜಿ ಸೊಸೆಯ ಕಡೆ ತಿರುಗಿ ತೆಲುಗಿನಲ್ಲಿ, “ಏಮಂಟಾಡೇ ವೀಡು?” ಅಂದರು. ಏನಂತಾನೆ ಇವನು ಅಂತ.

ಯಜಮಾನರು ಬಿಡಿಸಿ ಹೇಳಿದರು. ಪುರೋಹಿತರು ದಿನ ಇಟ್ಟುಕೊಟ್ಟಿದ್ದಾರೆ, ಹುಳಗಳು ತಮ್ಮ ದಿನ ತಾವೇ ಇಟ್ಟುಕೊಂಡಿವೆ. ಬೀಗರೂಟದ ಹೊತ್ತಿಗೆ ಹುಳ ನಾಲ್ಕನೇ ಜ್ವರ ಎದ್ದಿರುತ್ತವೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಹಗಲೂ ರಾತ್ರಿ ಮೇಯುವ ಹೊತ್ತು. ಆಗ ಹೊಗೆಯೋ ಸೆಂಟೋ ತಾಕಿದರೆ ಬೆಳೆ ಹೋಯಿತು. “ಚಿಂತಾಮಣಿಯೋರೂ ಒಂದು ಕೊಟ್ಟವ್ರೆ,” ಅಂದರು. “ನಿಮ್ದಕ್ಕಿಂತ ದಪ್ಪ. ಅದ್ರಲ್ಲೂ ಪಟಾಕಿನೇ. ಯಾರೂ ಆಗ್ದಿದ್ರೆ ಅಡುಗೆಯೋರನ್ನ ಕರ್ಸಿ ನಾವೇ ಮಾಡ್ಕೊತೀವಿ ಬುಡಿ.”

“ಒಂದಿನ ಟೈಮ್ ಕೊಡಿ ಯಜಮಾನ್ರೆ,” ಅಂದರು ಅಣ್ಣ. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅನುಕರಿಸಲು ಅನುಕೂಲವಾದ ದನಿ. ಮಾಡಲಿಲ್ಲ.

ಅಂಗಡಿಗೆ ಬಂದ ಅಣ್ಣ ಒಂದು ಗೆರೆ ಹಾಳೆ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದರು.

“ಆ ಅಜ್ಜಿ ಐಟಂ ಮಾಡು.”

“ಈಗ್ಲಾ ಅಣ್ಣ?”

“ಈಗ್ಲೇ. ನಿಧಾನಕ್ಕೆ ಮಾಡು. ಬರ್ಕೊತೀನಿ.”

ಮಾಡಿದೆ. ‘ಸೆಂಟು ಬಳ್ಕೊಂಡು’ ಅಂದಾಗ ಅವರು ‘ಸೆಂಟು ಇಲ್ಲ’ ಎಂದು ಬರೆದರು. ‘ಒಲೆ ಹೊಗೆ’ ಅಂದಾಗ, ಒಲೆಗಳು ವಾಸದ ಮನೆಯ ಹಿಂದೆ, ಗಾಳಿ ಹುಳಮನೆಯ ಕಡೆ ಬೀಸದ ಜಾಗದಲ್ಲಿ, ಎಂದು. ‘ಕಾಲ್ ತೊಳ್ಕೊ’ ಅಂದಾಗ, ಬಾಗಿಲಲ್ಲಿ ಎರಡು ಡ್ರಮ್ಮು ನೀರು, ಚೊಂಬು. ‘ಸೊಪ್ಪು ತರೋ ದಾರಿ’ಗೆ ಬಂದಾಗ, ಆ ದಾರಿಯಲ್ಲಿ ಕಂಬ ನೆಡುವುದಿಲ್ಲ, ಕುರ್ಚಿ ಹಾಕುವುದಿಲ್ಲ, ಎಂದು. ಬೀಡಿ ಸೇದುವವರಿಗೆ ರಸ್ತೆಯಾಚೆ ಜಾಗ. ಎಲ್ಲವೂ ಅಜ್ಜಿ ಮೊದಲ ದಿನವೇ ಹೇಳಿದ್ದ ಮಾತುಗಳು. ವಾರವಿಡೀ ಊರಿಗೆಲ್ಲ ನಾನೇ ಹೇಳಿದ್ದೆ, ಅಕ್ಷರ ತಪ್ಪದೆ. ಆ ಐಟಂ ಮಾಡಿದಾಗ ಯಾರೂ ನಗದಿದ್ದದ್ದು ಅದೇ ಮೊದಲು.

ಮಾರನೆಯ ದಿನ ಒಂದೇ ಹಾಳೆ ತೆಗೆದುಕೊಂಡು ಹೋದೆವು. ನನ್ನ ಸ್ವಂತ ದನಿಯಲ್ಲಿ ಓದಿದೆ. ಅದು ಅಷ್ಟೇನೂ ಚೆನ್ನಾಗಿಲ್ಲ, ಬಳಸಿ ಅಭ್ಯಾಸವಿಲ್ಲ. ಅಜ್ಜಿ ಕೊನೆಯವರೆಗೂ ಕೇಳಿ, “ಇದೆಲ್ಲ ನಾನಂದಿದ್ದೇ ಅಲ್ವಾ?” ಅಂದರು.

“ಹೂಂ ಅಜ್ಜಿ.”

“ಮತ್ತೆ ಅದ್ಯಾಕಪ್ಪ ಅಷ್ಟು ದಪ್ಪ ಪುಸ್ತಕ ತಂದಿದ್ದೆ?”

ಯಜಮಾನರು ತಾಯಿಯ ಮುಖ ನೋಡಿದರು. ಅಜ್ಜಿ ತಲೆಯಾಡಿಸಿದರು. ಯಜಮಾನರು ತಟ್ಟೆಯಲ್ಲಿ ಎಲೆ ಅಡಿಕೆ ತರಿಸಿ ಅಣ್ಣನ ಕೈಗಿಟ್ಟರು. ಅಣ್ಣ ಎರಡೂ ಕೈಯಲ್ಲಿ ತೆಗೆದುಕೊಂಡರು. ಬೋರ್ಡು ಉಳಿಯಿತು.

ಅಷ್ಟಕ್ಕೆ ನಾನು ಎದ್ದು ಬರಬಹುದಿತ್ತು. ಆದರೆ ಹೊಸ ಹಾಳೆಯಲ್ಲಿ ಹದಿಮೂರನೆಯ ಪುಟ ಇರಲಿಲ್ಲ, ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅಣ್ಣ ಮೊಣಕೈಯಲ್ಲಿ ತಿವಿಯುತ್ತಿದ್ದರೂ ಕೇಳಿಯೇ ಬಿಟ್ಟೆ:

“ಅಜ್ಜಿ, ಊಟ ಆದ್ಮೇಲೆ ನಂದೊಂದು ಮುಕ್ಕಾಲು ಗಂಟೆ ಮಿಮಿಕ್ರಿ ಇಟ್ಕೊಬೋದಾ? ಹುಳಕ್ಕೇನೂ ತೊಂದ್ರೆ ಆಗಲ್ಲ ತಾನೆ?”

ಅಜ್ಜಿ ಹುಳಮನೆಯ ಕಡೆ ಒಮ್ಮೆ ನೋಡಿ, ಕುಡುಗೋಲು ಕೈಗೆತ್ತಿಕೊಂಡರು.

“ಮಾಡ್ಕೊ ಹೋಗಪ್ಪ. ಅವಕ್ಕೆ ಮೂಗು ಐತೆ, ಕಿವಿ ಇಲ್ಲ. ಪುಣ್ಯ ಮಾಡಿದಾವೆ.”