ಅತ್ತಿಯ ಬಲಗೈ

ಮೊನ್ನೆ ಸೊಸೆ ನನ್ನ ಹಳೆಯ ಗುಂಡಿಗಳ ಡಬ್ಬಿ ಸುರುವಿಕೊಂಡು ಕೂತಿದ್ದಳು. ನಮ್ಮದು ದರ್ಜಿ ಮನೆ, ಗುಂಡಿಗೇನು ಬರ. ಅವುಗಳ ನಡುವೆ ಕಪ್ಪಿಟ್ಟ ಆರು ಗುಂಡಿ ಸಿಕ್ಕವು. ಹಿತ್ತಾಳೆಯೋ ಅಲ್ಲವೋ ನೋಡೇಬಿಡುತ್ತೇನೆಂದು ಹುಣಸೆಹಣ್ಣಿಗೆ ಹಿತ್ತಲ ಒಲೆಯ ಬೂದಿ ಕಲಸಿ ಒಂದನ್ನು ಉಜ್ಜಿದಳು. ಆ ಹುಳಿ ಬೂದಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಲಿಂಗಸುಗೂರಿನಲ್ಲಿ, ಹಿಂದೆ ದಂಡು ಇಳಿಯುತ್ತಿದ್ದ ಛಾವಣಿಯ ಓಣಿಯಲ್ಲಿದ್ದೆ.

ಆಗಷ್ಟೇ ಪೊಲೀಸ್ ಕಾರ್ಯಾಚರಣೆ ಮುಗಿದು ನಿಜಾಮನ ರಾಜ್ಯ ಹೋಗಿತ್ತು. ನಾನು ಗಂಡನ ಮನೆಗೆ ಹೊಸದಾಗಿ ನಡೆಯಲು ಬಂದ ಸೊಸೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಅದರ ಆಚೆ ಒಬ್ಬ ಹವಾಲ್ದಾರರು ಇದ್ದರು. ಓಣಿಯ ಸೊಸೆಯಾದ ನನಗೆ ಅವರು ಮಾವ, ಅವರ ಹೆಂಡತಿ ಅತ್ತಿ. ಮಕ್ಕಳಿರಲಿಲ್ಲ. ನಿಜಾಮನ ಫೌಜಿನಲ್ಲಿ ಕೂದಲು ನರೆಸಿಕೊಂಡ ಮಾವನನ್ನು ಹೊಸ ಸರ್ಕಾರದ ಫೌಜೂ ಇಟ್ಟುಕೊಂಡಿತ್ತು. ಪಿಂಚಣಿಗೆ ಇನ್ನು ಒಂದು ವರ್ಷವಿದ್ದಾಗ ಅತ್ತಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ಮಾತು ತೊದಲಾಯಿತು. ಮಾವ ರಜೆಯ ಮೇಲೆ ಬಂದು ಕೂತರು. ಎರಡು ಸಲ ಅರ್ಜಿ ಹಾಕಿ ರಜೆ ಹೆಚ್ಚಿಸಿಕೊಂಡರು. ತೊಡುವ ಪ್ರಸಂಗವಿಲ್ಲದಿದ್ದರೂ ವಾರಕ್ಕೊಮ್ಮೆ ಉಡುಪಿನ ಗುಂಡಿಗಳನ್ನು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕುತ್ತಿದ್ದರು. ಯಾರಿಗೆ ತೋರಿಸಲಿಕ್ಕೋ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಆದರೆ ಬೆಳಗಿನ ಹೊತ್ತು ಗೋಡೆಯಾಚೆ ಕಾಣುತ್ತಿದ್ದುದನ್ನು ನೋಡಿದರೆ ನಗು ಬರುತ್ತಿರಲಿಲ್ಲ. ಅತ್ತಿ ಲಿಂಗಪೂಜೆ ಆಗದೆ ತೊಟ್ಟು ನೀರು ಮುಟ್ಟುವವಳಲ್ಲ. ಲಿಂಗವನ್ನು ಹಿಡಿಯಬೇಕಾದದ್ದು ಎಡಗೈಯಲ್ಲಿ. ಆ ಕೈ ಅವಳಿಗೆ ಇತ್ತು. ಪೂಜೆ ಮಾಡಬೇಕಾದ ಬಲಗೈ ಇರಲಿಲ್ಲ. ಅದಕ್ಕೆ ಮಾವ ಅವಳ ಹಿಂದೆ ಒತ್ತಿ ಕೂತು, ತಮ್ಮ ಬಲಗೈ ಮುಂದೆ ಚಾಚಿ, ಅವಳ ಅಂಗೈಮೇಲಿನ ಲಿಂಗಕ್ಕೆ ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸುತ್ತಿದ್ದರು. ಆಮೇಲೆಯೇ ಅವಳಿಗೆ ನುಚ್ಚು, ಮಜ್ಜಿಗೆ. ಬಂದೂಕು ಹಿಡಿದ ಆ ದಪ್ಪ ಬೆರಳುಗಳು ಪತ್ರಿಯನ್ನು ಒಂದೊಂದೇ ಎಸಳಾಗಿ ಇಡುತ್ತಿದ್ದವು...

ಒಂದು ಮಧ್ಯಾಹ್ನ ಲಕೋಟೆ ಬಂತು. ಉರ್ದುವಾಗಿದ್ದರೆ ಮಾವ ತಾವೇ ಓದುತ್ತಿದ್ದರು, ಇದು ಇಂಗ್ಲಿಷಿನದು. ಕಚೇರಿಯ ಗುಮಾಸ್ತನಿಂದ ಓದಿಸಿಕೊಂಡು ಬಂದವರು ಮನೆಯೊಳಗೆ ಹೋಗಲಿಲ್ಲ. ಗೋಡೆಗೆ ಕೈಯೂರಿ ನಮ್ಮವರನ್ನು ಕರೆದರು.

"ಹದಿನೈದು ದಿನದಾಗ ಪಂಜಾಬಕ್ಕ ಹಾಜರಾಗಬೇಕಂತಪ್ಪಾ. ಇನ್ನ ರಜಾ ಇಲ್ಲಂತ. ಕುಟುಂಬ ಕರಕೊಂಡು ಬರಾಂಗಿಲ್ಲಂತ."

"ಹೋಗದಿದ್ರ ಏನಾಗತೈತ್ರೀ ಮಾವ?" ನಮ್ಮವರು ಕೇಳಿದರು.

"ಭಗೋಡಾ ಅಂತ ಬರೀತಾರ."

ಭಗೋಡಾ ಎಂದರೆ ಓಡಿಹೋದ ಸಿಪಾಯಿ. ಹಾಗೆ ಬರೆದರೆ ಪಿಂಚಣಿ ಹೋಯಿತು, ಇಷ್ಟು ವರ್ಷದ ಚಾಕರಿ ಮಣ್ಣುಪಾಲಾಯಿತು. ಹೊಲವಿಲ್ಲ, ಮಕ್ಕಳಿಲ್ಲ, ಆ ಪಿಂಚಣಿ ಬಿಟ್ಟರೆ ಇಬ್ಬರ ಹೊಟ್ಟೆಗೆ ಬೇರೆ ದಾರಿ ಇರಲಿಲ್ಲ. ಹೋಗಬೇಕೆಂದರೆ ಅತ್ತಿಗೆ ಬಲಗೈ ಯಾರು?

ಮಸ್ಕಿಯಲ್ಲಿ ಅತ್ತಿಯ ತಮ್ಮನ ಮನೆಯಿತ್ತು. ಮಾವ ಅವಳನ್ನು ಬಂಡಿಯಲ್ಲಿ ಮಲಗಿಸಿಕೊಂಡು ಅಲ್ಲಿಗೆ ಕರೆದೊಯ್ದರು. ಮೂರನೆಯ ದಿನ ಅದೇ ಬಂಡಿಯಲ್ಲಿ ತಿರುಗಿ ಬಂದರು. ತಮ್ಮನ ಹೆಂಡತಿ ಕೆಟ್ಟವಳೇನಲ್ಲ. ಉಣ್ಣಿಸುತ್ತೇನೆ, ಹೊಲಸು ತೆಗೆಯುತ್ತೇನೆ, ಆದರೆ ನನ್ನ ಲಿಂಗ ನನಗೆ, ಅವರ ಲಿಂಗ ಅವರಿಗೆ, ಇನ್ನೊಬ್ಬರ ಲಿಂಗಕ್ಕೆ ಕೈ ಹಚ್ಚಿ ಏನಾದರೂ ತಪ್ಪಿದರೆ ನಮ್ಮ ಮಕ್ಕಳಿಗೆ ತಟ್ಟೀತು ಎಂದಳಂತೆ. ಮಾವ ಬೇಕೆಂತಲೇ ದೂರ ಕೂತು ನೋಡಿದ್ದರು. ಅತ್ತಿ ಎರಡು ದಿನ ನೀರಿಲ್ಲದೆ ಮಲಗಿದಳು.

ಹೊರಡಲು ಐದು ದಿನ ಉಳಿದಿದ್ದವು. ಅವರ ಉಡುಪಿನ ಸಡಿಲವಾದ ಗುಂಡಿಗಳನ್ನು ನಾನು ಬಿಗಿ ಮಾಡುತ್ತ ಕೂತಿದ್ದೆ. ಮಾವ ಗೋಡೆಯ ಹತ್ತಿರ ಬಂದರು.

"ಯವ್ವಾ, ನೀ ಒಂದು ಕೈ ಕೊಡ್ತೀಯೇನು?"

ಸೂಜಿ ಬೆರಳಿಗೆ ಚುಚ್ಚಿತು. "ಮಾವಾರ, ನಾವು ಲಿಂಗಾ ಕಟ್ಟಿದವರಲ್ರೀ..."

"ಗೊತ್ತೈತಿ. ಮಠಕ್ಕ ಹೋಗಿ ಅಯ್ಯನೋರನ್ನ ಕೇಳೀನಿ. ಹೂಂ ಅನಲಿಲ್ಲ, ಊಂಹೂಂ ಅನಲಿಲ್ಲ, ಕಣ್ಣ ಮುಚ್ಚಿ ಕುಂತುಬಿಟ್ರು. ಸರಕಾರದ್ದೊಂದು ಹುಕುಂ, ಶಾಸ್ತ್ರದ್ದೊಂದು ಹುಕುಂ. ಎರಡಕ್ಕೂ ಸಲಾಂ ಹೊಡಕೋತ ಕುಂತ್ರ ಇಕಿ ಉಪಾಸ ಸಾಯ್ತಾಳವ್ವ."

ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಅತ್ತಿಯ ಮುಂದೆ ನಿಲ್ಲಿಸಿದರು. ಅವಳು ನನ್ನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಬೇಡವೆಂದು ಮುಖ ತಿರುಗಿಸುತ್ತಾಳೆ ಎಂದೇ ನಾನು ಕಾಯುತ್ತಿದ್ದೆ; ನಿಜ ಹೇಳಬೇಕೆಂದರೆ ತಿರುಗಿಸಲಿ ಎಂದೇ ಬೇಡಿಕೊಳ್ಳುತ್ತಿದ್ದೆ. ಅವಳು ಎಡಗೈ ಚಾಚಿದಳು.

ಮಾವ ಹೋದರು. ಅಂದಿನಿಂದ ದಿನಾ ಬೆಳಗ್ಗೆ ನುಚ್ಚಿನ ಗಡಿಗೆ ಹಿಡಿದುಕೊಂಡು ಗೋಡೆ ಸುತ್ತಿ ಹೋಗುತ್ತಿದ್ದೆ. ಅನ್ನ ಕೊಡಲು ಹೋಗುತ್ತಾಳೆ ಎಂದು ಓಣಿ ತಿಳಿದಿತ್ತು. ನಮ್ಮವರ ತಾಯಿಗೆ ನಿಜ ಗೊತ್ತಿತ್ತೋ ಏನೋ, ನಾನು ಬರುವವರೆಗೆ ಬಾಗಿಲಲ್ಲಿ ಕೂತು ಬಂದವರನ್ನು ಮಾತಿಗೆಳೆಯುತ್ತಿದ್ದರು. ಮೊದಮೊದಲು ವಿಭೂತಿಯನ್ನು ಅವಳ ಸೀರೆಯ ಮೇಲೆಲ್ಲ ಚೆಲ್ಲುತ್ತಿದ್ದೆ. ಅತ್ತಿ ಸೊಟ್ಟ ಬಾಯಲ್ಲೇ ನಗುತ್ತಿದ್ದಳು. ಹೋಗ್ತಾ ಹೋಗ್ತಾ ನನಗೂ ಆ ಗಳಿಗೆ ಬೇಕೆನಿಸತೊಡಗಿತು. ತವರು ಬಿಟ್ಟು ಬಂದವಳಿಗೆ ಎದೆಗೆ ಬೆನ್ನು ಆನಿಸಿ ಕೂರುವ ಒಂದು ಜೀವ ಸಿಕ್ಕಿತ್ತು.

ಮಾವ ಪಿಂಚಣಿಯಾಗಿ ಬರಲು ಎರಡು ತಿಂಗಳಿದ್ದಾಗ ನಮ್ಮ ಮನೆಗೂ ಒಂದು ಹುಕುಂ ಬಂತು, ಹೊಟ್ಟೆಪಾಡಿನ ಹುಕುಂ. ಛಾವಣಿಯಲ್ಲಿ ಫೌಜಿನ ಹೊಲಿಗೆ ನಿಂತುಹೋಗಿತ್ತು. ಸಿಂಧನೂರಿಗೆ ಕಾಲುವೆ ಬರುತ್ತದೆ, ಊರು ಬೆಳೆಯುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಮ್ಮವರು ಅಲ್ಲಿ ಅಂಗಡಿ ಹಿಡಿದು ಬಂದರು.

"ಎರಡ ತಿಂಗಳು ತಡೀರಿ. ಮಾವಾರು ಬರ್ತಾರ," ಎಂದು ಕಾಲು ಹಿಡಿದೆ.

"ಅಂಗಡಿ ನನ್ನ ಸಲುವಾಗಿ ಎರಡ ತಿಂಗಳು ಕಾಯತೈತೇನು?"

ಅತ್ತಿಯನ್ನು ಜೊತೆಗೆ ಕರೆದುಕೊಳ್ಳೋಣವೆಂದೆ. ಇರುವುದೇ ಒಂದು ಖೋಲಿ ಎಂದರು. ನಾನೊಬ್ಬಳೇ ಹಿಂದೆ ಉಳಿಯುತ್ತೇನೆ ಎನ್ನುವ ಧೈರ್ಯ ನನಗೆ ಬರಲಿಲ್ಲ. ಬರಬೇಕಿತ್ತು. ಈ ಮಾತನ್ನು ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಸಿಂಧನೂರಿನ ದಾರಿ ಮಸ್ಕಿಯ ಮೇಲೆಯೇ ಹೋಗುತ್ತದೆ. ಅತ್ತಿಯನ್ನು ಮೋಟಾರಿನಲ್ಲಿ ಮಲಗಿಸಿಕೊಂಡು ಹೋಗಿ ತಮ್ಮನ ಮನೆಯಲ್ಲಿ ಇಳಿಸಿದೆವು. ಅವನ ಹೆಂಡತಿಯನ್ನು ಹಿತ್ತಲಿಗೆ ಕರೆದು, ಕೈ ಮುಗಿದು, ನಾನು ಹೇಗೆ ಮಾಡುತ್ತಿದ್ದೆ ಎಂಬುದನ್ನೆಲ್ಲ ಹೇಳಿದೆ. ಅವಳು ಗಾಬರಿಯಿಂದ ನನ್ನ ಕೈಗಳನ್ನೇ ನೋಡಿದಳು. ತಮ್ಮ ಮಾತ್ರ, "ನಾ ಮಾಡ್ತೀನಿ, ನಡೀರಿ," ಎಂದ. ಅವನ ದನಿ ಕೇಳಿದರೇ ತಿಳಿಯುತ್ತಿತ್ತು, ಮಾಡುವವನಲ್ಲ.

ಅತ್ತಿ ನನ್ನ ಸೆರಗನ್ನು ಎಡಗೈಯಲ್ಲಿ ಹಿಡಿದಳು. ಹೊರಗೆ ಮೋಟಾರಿನವನು ಹಾರ್ನ್ ಒತ್ತುತ್ತಿದ್ದ, ನಮ್ಮವರು ಕರೆಯುತ್ತಿದ್ದರು. ಅವಳಿಗೆ ಮಾತು ಹೊರಡಲಿಲ್ಲ, ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು, ಅಷ್ಟೆ. ದೇಹದ ಬಲವೆಲ್ಲ ಆ ಒಂದೇ ಕೈಯಲ್ಲಿತ್ತು...

ಅಲ್ಲೊಂದು ಇಲ್ಲೊಂದು ದಿನ ತಮ್ಮ ಪೂಜೆ ಮಾಡಿಸಿದನಂತೆ. ಅವಳು ಹತ್ತೊಂಬತ್ತು ದಿನ ಬದುಕಿದಳಂತೆ.

ಮಾವ ಪಿಂಚಣಿಯ ಕಾಗದ ಹಿಡಿದು ಬಂದದ್ದು ಮಸ್ಕಿಯ ಸಮಾಧಿಗೆ. ಅಲ್ಲಿಂದ ನೇರ ಸಿಂಧನೂರಿಗೆ, ನಮ್ಮ ಅಂಗಡಿಗೆ ಬಂದರು. ಬೈಯುತ್ತಾರೆ ಎಂದು ನಾನು ಬಾಗಿಲ ಹಿಂದೆ ನಿಂತಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಬಿಟ್ಟು ಬರೋ ಮುಂದ ಹ್ಯಾಂಗಿದ್ಲವ್ವಾ?"

"ನಗಾಕತ್ತಿದ್ರು ಮಾವಾರ. ಹೋಗಿ ಬಾ ಅಂತ ಕೈ ಎತ್ತಿದ್ರು," ಎಂದೆ.

ಅವರು ತಲೆಯಾಡಿಸಿದರು. "ಹುಕುಂ ಬಂದ ಮ್ಯಾಲ ನೀನರ ಏನ ಮಾಡ್ತಿ," ಎಂದು ಚೀಲದಿಂದ ಉಡುಪು ತೆಗೆದು ನನ್ನ ಮುಂದಿಟ್ಟರು. "ಗುಂಡಿ ಕಿತ್ಕೋ. ಇನ್ನ ನನಗ್ಯಾಕ." ನಾನು ದಾರ ಕತ್ತರಿಸಿದೆ. ನಾನೇ ಹಾಕಿದ ದಾರ. ಗುಂಡಿಯಿಲ್ಲದ ಅಂಗಿಯನ್ನು ಮಡಚಿಕೊಂಡು ಅವರು ಹೋದರು. ಮತ್ತೆ ನೋಡಲಿಲ್ಲ, ಎಲ್ಲಿ ಹೋದರೋ, ಪಿಂಚಣಿಯನ್ನಾದರೂ ಉಂಡರೋ ಇಲ್ಲವೋ ತಿಳಿಯಲಿಲ್ಲ.

ಸೊಸೆ ಆರೂ ಗುಂಡಿಗಳನ್ನು ತಿಕ್ಕಿ ಸೀರೆಯ ಸೆರಗಿನಲ್ಲಿ ಒರೆಸಿ ನನ್ನ ಅಂಗೈಗೆ ಹಾಕಿದಳು. "ಅತ್ತಿ, ಯಾರವ್ರೀ ಇವು?" ಎಂದು ಕೇಳಿದಳು. ಈಗ ನಾನೂ ಒಬ್ಬಳ ಅತ್ತಿ. ಅವಳಿಗೆ ಹವಾಲ್ದಾರ ಮಾವನ ಕಥೆ ಹೇಳಿದೆ, ಲಿಂಗಪೂಜೆಯದನ್ನೂ ಹೇಳಿದೆ. ಕೊನೆಗೆ, ಬಿಟ್ಟು ಬರುವಾಗ ಆಕೆ ನಗುತ್ತಿದ್ದಳು ಎಂದೇ ಹೇಳಿದೆ.

ಮಸ್ಕಿಯಲ್ಲಿ ನನ್ನ ಸೆರಗಿನಿಂದ ಅತ್ತಿಯ ಐದು ಬೆರಳನ್ನೂ ನಾನೇ ಒಂದೊಂದಾಗಿ ಬಿಡಿಸಿದ್ದೆ. ಇದನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು. ಬಾಯಿಬಿಟ್ಟು ಹೇಳುವುದು ನನ್ನಿಂದ ಇನ್ನೂ ಆಗಿಲ್ಲ.