ಮೇಲಿನ ಕೋಣೆಯ ಎರಡು ದನಿ

ಮೇಲಿನ ಕೋಣೆಯ ಬಾಗಿಲಿಗೆ ಕಿವಿಯಾನಿಸಿ ನಿಂತಿದ್ದ ಮನೆಯೊಡತಿಗೆ, ಆ ಬಾಗಿಲು ಒಳಕ್ಕೆ ತೆರೆದುಕೊಳ್ಳುತ್ತದೆ ಎಂಬುದು ಸ್ವಂತ ಮನೆಯಾದರೂ ಮರೆತುಹೋಗಿತ್ತು. ಬಾಡಿಗೆಗಿದ್ದ ಹುಡುಗಿ ಚಿಲಕ ತೆಗೆದದ್ದೇ ತಡ, ಒಡತಿ ಅವಳ ಚಪ್ಪಲಿಗಳ ಮೇಲೆ ಬಂದು ಬಿದ್ದರು. ಹುಡುಗಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿರುವವಳು. ಒಬ್ಬಳೇ ಇರುತ್ತೇನೆಂದು ಹೇಳಿ ಕೋಣೆ ಹಿಡಿದಿದ್ದಳು. ಆದರೆ ದಿನಾ ಬೆಳಗ್ಗೆ ಮೇಲಿನಿಂದ ಎರಡು ದನಿ ಕೇಳುತ್ತಿದ್ದವು. "ಏಳ್ತೀಯೋ, ನೀರು ಎರಚಲೋ?" ಎಂದು ಒಂದು ಗಡಸು ದನಿ, "ಎದ್ದೆ ಕಣಮ್ಮಾ" ಎಂದು ಇನ್ನೊಂದು ನಿದ್ದೆಗಣ್ಣಿನ ದನಿ. ಅನ್ನ ತಳ ಹಿಡಿದರೆ "ನಿನ್ನ ಜ್ಞಾನ ಎಲ್ಲಿತ್ತು?" ಎಂಬ ವಿಚಾರಣೆ, ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಬಿದ್ದಿದ್ದರೆ ಅಪ್ಪನ ಕಡೆಯ ವಂಶಕ್ಕೆಲ್ಲ ಮಂಗಳಾರತಿ. ಹೇಳದೆ ಕೇಳದೆ ತಾಯಿಯನ್ನು ತಂದಿಟ್ಟುಕೊಂಡಿದ್ದಾಳೆ, ಇವತ್ತು ಹಿಡಿದು ಕೋಣೆ ಖಾಲಿ ಮಾಡಿಸುವುದೇ ಸರಿ ಎಂದು ಮೆಟ್ಟಿಲೇರಿ ಬಂದಿದ್ದ ಒಡತಿ, ಬಿದ್ದಲ್ಲಿಂದಲೇ ಮಂಚದ ಕೆಳಗೂ ಒಮ್ಮೆ ಕಣ್ಣು ಹಾಯಿಸಿದರು. ಯಾರೂ ಇಲ್ಲ. "ಎಲ್ಲೇ ನಿಮ್ಮಮ್ಮ?" "ಇಲ್ಲಿ ಅಮ್ಮನೂ ನಾನೇ ಆಂಟಿ," ಎಂದು ಹುಡುಗಿ ಅವರನ್ನು ಎಬ್ಬಿಸಿ ಕೂರಿಸಿದಳು. "ಅಮ್ಮ ಊರಲ್ಲಿದ್ದಾರೆ. ಹಟ ಮಾಡಿ ಮನೆ ಬಿಟ್ಟು ಬಂದೆ ಅಂತ ನನ್ನ ಹತ್ರ ಮಾತು ಬಿಟ್ಟಿದ್ದಾರೆ." ಖಾಲಿ ಮಾಡಿಸುವ ಮಾತು ಒಡತಿಯ ಬಾಯಲ್ಲೇ ಉಳಿಯಿತು, ಕುತೂಹಲ ಮಾತ್ರ ತಡೆಯಲಾಗಲಿಲ್ಲ. "ಅಲ್ವೇ, ಬೈಯೋರಿಲ್ಲ ಅಂತ ಹಾಯಾಗಿರೋದು ಬಿಟ್ಟು ನಿನ್ನನ್ನ ನೀನೇ ಬೈಕೊಳ್ಳೋದ್ಯಾಕೆ?" ಹುಡುಗಿ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಜೋಡಿಸುತ್ತಾ, ತಲೆಯೆತ್ತದೆ ಹೇಳಿದಳು: "ಅಭ್ಯಾಸ ತಪ್ಪಿಹೋದ್ರೆ, ಅಮ್ಮ ಮತ್ತೆ ಶುರು ಮಾಡಿದ ದಿನ ತಡ್ಕೊಳ್ಳೋದು ಕಷ್ಟ ಆಂಟಿ."