ಕೆಳಗೆ ಮಡಗು

ನನ್ನ ವ್ಯಾನಿಟಿ ಬ್ಯಾಗಿನಲ್ಲಿ ಲಿಪ್‌ಸ್ಟಿಕ್ ಇಲ್ಲ, ಚಾಕು ಇದೆ. ಮಡಚಿದರೆ ಬೆರಳುದ್ದ, ಬಿಡಿಸಿದರೆ ಗಿಣಿಯ ಕೊಕ್ಕಿನ ಹಾಗೆ ಒಳಕ್ಕೆ ಬಾಗಿದ ಅಲಗು. ದಾಸರಹಳ್ಳಿಯಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ ಅಪ್ಪ ಕೇಬಲ್ಲಿನ ಸಿಪ್ಪೆ ಸುಲಿಯಲು ಇಟ್ಟುಕೊಂಡಿದ್ದದ್ದು. ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ ನನಗೆ ಕೊಟ್ಟರು. ಜೊತೆಗೆ ಒಂದೇ ಒಂದು ಪಾಠ: "ಒತ್ತಬೇಡ ಕಣಮ್ಮಾ, ಎಳಿ. ಇದು ಚುಚ್ಚೋ ಚಾಕು ಅಲ್ಲ, ಎಳೆಯೋ ಚಾಕು."

ಬೇರೆ ಅಪ್ಪಂದಿರು ಒಡವೆ ಕೊಡುತ್ತಾರೆ. ಇರಲಿ, ಒಡವೆಯಿಂದ ಕೊರಿಯರ್ ಡಬ್ಬ ಬಿಚ್ಚಲಾಗುತ್ತದೆಯೇ? ಅಕ್ಕಿ ಮೂಟೆಯ ಹೊಲಿಗೆಯಾಗಲಿ, ತೋರಣಕ್ಕೆ ಮಾವಿನ ಸೊಪ್ಪಾಗಲಿ, ಕೊಕ್ಕಿಗೆ ಸಿಕ್ಕಿಸಿ ಎಳೆದರೆ ಮುಗಿಯಿತು. ನಾಗಸಂದ್ರದ ಮೆಟ್ರೋ ಸ್ಟೇಷನ್ನಿನಲ್ಲಿ ಮಾತ್ರ ಇದಕ್ಕೆ ಮರ್ಯಾದೆ ಇಲ್ಲ. ಒಮ್ಮೆ ಮರೆತು ಒಯ್ದಿದ್ದೆ. ಬ್ಯಾಗ್ ತಪಾಸಣೆಯವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಏನ್ ಮೇಡಂ ಇದು?" ಅಂದಳು. "ಹೀರೇಕಾಯಿ ಹೆರೆಯೋಕೆ" ಅಂದೆ. ಬಿಡಲಿಲ್ಲ. ಬಸ್ಸಿನಲ್ಲಿ ಬಂದೆ.

ಅವಳಾದರೂ ವಾಸಿ. ಮನೆಯಲ್ಲಿ ನಮ್ಮತ್ತೆ ಇದ್ದಾರೆ. ಕೊಡಿಗೇಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವರು. "ಎಂಗ್ಸಿನ ಬ್ಯಾಗಲ್ಲಿ ಚೂರಿ ಯಾಕಮ್ಮಿ?" ಎಂದು ಬಯ್ಯುತ್ತಾರೆ, ದಿನಕ್ಕೆ ಹತ್ತು ಸಲ ಅದೇ ಚೂರಿ ಬೇಕು ಅಂತಲೂ ಕೇಳುತ್ತಾರೆ. ಆದರೆ ಕೈಗೆ ಕೊಡಲು ಹೋದರೆ ಹಾವು ಕಂಡವರಂತೆ ಹಿಂದೆ ಸರಿದು, "ಕೆಳಗೆ ಮಡಗು!" ಅನ್ನುತ್ತಾರೆ. ಉಪ್ಪು, ಮೆಣಸಿನಕಾಯಿ, ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳವಂತೆ. ನಾನು ಕೆಳಗಿಡಬೇಕು, ಅವರು ಸೊಂಟ ಹಿಡಿದುಕೊಂಡು ಬಗ್ಗಿ, "ಅಯ್ಯಪ್ಪಾ" ಅಂತ ಎತ್ತಿಕೊಳ್ಳಬೇಕು. ಹನ್ನೊಂದು ವರ್ಷ ಹೀಗೆ ಮಡಗಿದ್ದೇನೆ. ಅಷ್ಟೂ ವರ್ಷದಲ್ಲಿ ನಾವು ಜಗಳವಾಡದ ದಿನ ನೆನಪಿಲ್ಲ. ನಾನು ಹಾಗಂದರೆ, "ಕೈಗೆ ಕೊಟ್ಟಿದ್ರೆ ಇನ್ನೆಷ್ಟಾಗ್ತಿತ್ತೋ" ಅನ್ನುತ್ತಾರೆ.

ಹೋದ ಚಳಿಗಾಲದಲ್ಲಿ ಯಲಹಂಕದಲ್ಲೊಂದು ಗೃಹಪ್ರವೇಶ. ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಟು, ನನ್ನ ಸ್ಕೂಟರಿನ ಹಿಂದೆ ಎರಡೂ ಕಾಲು ಎಡಕ್ಕೆ ಬಿಟ್ಟು ಕೂತರು. ಥಂಡಿ ಎಂದು ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ತುದಿಯನ್ನು ಹಿಂದಕ್ಕೆ ಬಿಟ್ಟಿದ್ದರು. ನಾನು ನೋಡಲಿಲ್ಲ. ನೋಡಬೇಕಿತ್ತು. ಸರ್ವಿಸ್ ರೋಡಿನಲ್ಲಿ ಒಂದು ಹಂಪ್ ದಾಟಿದ್ದೆವು, ಅಷ್ಟೇ. ಹಿಂದಿನಿಂದ "ಕ್ಕ್" ಎಂದು ಸದ್ದು. ಬ್ರೇಕ್ ಹಿಡಿದು ತಿರುಗಿದರೆ ಸೆರಗು ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿದೆ, ಅತ್ತೆಯ ಕುತ್ತಿಗೆ ಬಿಗಿದಿದೆ, ಕಣ್ಣು ಮೇಲಾಗಿದೆ.

ಇಳಿಯುವ ಹಾಗಿರಲಿಲ್ಲ. ಅವರ ಭಾರಕ್ಕೆ ಸ್ಕೂಟರ್ ಎಡಕ್ಕೆ ವಾಲಿತ್ತು. ನಾನು ಬಿಟ್ಟರೆ ಗಾಡಿ ಉರುಳಿ ಸೆರಗು ಇನ್ನೂ ಬಿಗಿಯುತ್ತಿತ್ತು. ಕೂತಲ್ಲಿಂದ ಅವರ ಬೆನ್ನ ಹಿಂದಿನ ಸೆರಗು ನನ್ನ ಕೈಗೆ ಎಟುಕುತ್ತಿರಲಿಲ್ಲ. ಎಡಗೈಯಲ್ಲಿ ಬ್ರೇಕ್ ಬಿಡದೆ, ಬಲಗೈಯಿಂದ ಬ್ಯಾಗಿಗೆ ಕೈ ಹಾಕಿ ಚಾಕು ತೆಗೆದೆ. ಹೆಬ್ಬೆರಳಲ್ಲೇ ಅಲಗು ಬಿಡಿಸಿ, ಹಿಡಿಯನ್ನು ಅವರ ಕಡೆ ಮಾಡಿ ಹಿಂದಕ್ಕೆ ಚಾಚಿದೆ.

ತೆಗೆದುಕೊಳ್ಳಲಿಲ್ಲ!

"ಕೆ... ಕೆಳಗೆ..."

ಜೀವ ಹೋಗುತ್ತಿದೆ, ಇವರಿಗೆ ಶಾಸ್ತ್ರ! ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಎಲ್ಲಿ ಮಡಗ್ಲಿ ಅತ್ತೆ, ರೋಡಲ್ಲಾ? ಜಗಳ ಆದ್ರೆ ಆಗ್ಲಿ, ಹಿಡ್ಕೊಳ್ಳೀ!" ಎಂದು ಕಿರುಚಿದೆ.

ಹಿಡಿದರು. "ಸೆರಗಿಗೆ ಸಿಕ್ಸಿ ಆಚೆಗೆ ಎಳೀರಿ! ಒತ್ಬೇಡಿ!" ನೆಟ್ಟಗಿನ ಚಾಕುವಾಗಿದ್ದರೆ ಆ ಗಾಬರಿಯಲ್ಲಿ ಅದರ ಮೊನೆ ಎಲ್ಲಿಗೆ ಹೋಗುತ್ತಿತ್ತೋ. ಕೊಕ್ಕು ಬಟ್ಟೆಯನ್ನಷ್ಟೇ ಕಚ್ಚಿತು. ಪರ್ರ್ ಎಂದು ರೇಷ್ಮೆ ಹರಿಯಿತು.

ಫುಟ್‌ಪಾತಿನ ಮೇಲೆ ಕೂತು ನೀರು ಕುಡಿದರು. ಇವರು ಹೋಗಿಬಿಟ್ಟಿದ್ದರೆ ನಾನು ಯಾರ ಜೊತೆ ಜಗಳವಾಡಲಿ ಅನ್ನಿಸಿ ನಾನು ಜೋರಾಗಿ ಅತ್ತುಬಿಟ್ಟೆ. ಅವರು ಅಳಲಿಲ್ಲ. ಹರಿದ ಸೆರಗನ್ನು ನೋಡಿಕೊಂಡು, "ಕೈಯಿಂದ್ಲೇ ಈಸ್ಕೊಂಡ್‌ಬುಟ್ನಲ್ಲೇ," ಅಂದರು. "ಇನ್ನು ಜಗಳ ಗ್ಯಾರಂಟಿ."

ಆ ಜಗಳಕ್ಕೆ ಇಬ್ಬರೂ ಹೆದರಿಕೊಂಡು ಕಾದೆವು. ನಾನು ಹೇಳಿದ್ದಕ್ಕೆಲ್ಲ ಅವರು "ಆಗ್ಲಮ್ಮಾ", ಅವರು ಹೇಳಿದ್ದಕ್ಕೆಲ್ಲ ನಾನು "ಸರಿ ಅತ್ತೆ". ಒಂದು ವಾರ ಮನೆಯಲ್ಲಿ ಸದ್ದೇ ಇಲ್ಲ. ನನ್ನ ಗಂಡ ಅಡುಗೆಮನೆಗೆ ಬಂದು ಪಿಸುಗುಟ್ಟಿದರು: "ಅಮ್ಮಂಗೆ ಹುಷಾರಿಲ್ವಾ?"

ಎಂಟನೇ ದಿನ ಸಾರಿಗೆ ಹುಣಸೆಹುಳಿ ಜಾಸ್ತಿಯಾಯಿತು. ಅತ್ತೆ ನಮ್ಮ ತವರಿನ ಸಾರಿನವರೆಗೂ ಹೋದರು, ನಾನೂ ಬಿಡಲಿಲ್ಲ. ಜಗಳ ಅಷ್ಟು ರುಚಿಯಾಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಡುವೆಯೇ ಅವರು ಹೀರೇಕಾಯಿ ಎಳೆದುಕೊಂಡು, "ಆ ಚೂರಿ ತಾ" ಅಂದರು. ನಾನು ಅಭ್ಯಾಸಬಲದಿಂದ ಬಗ್ಗಿ ನೆಲದ ಮೇಲಿಡಲು ಹೋದೆ.

ಅವರು ಕೈ ಚಾಚಿದ್ದರು.

"ಕೈಗೇ ಕೊಡೇ," ಅಂದರು. "ಜಗಳ ಎಂಗೂ ಆಡ್ತಾನೇ ಇದೀವಲ್ಲ."